ಎಡಿನ್‌ಬರೋಗೆ ಹೊರಟ ಬೀಗಿತ್ತಿ

ಕೋಲಾರದ ಚಿನ್ನದ ಗಣಿ ಮೈಸೂರು ಮೈನ್ಸಿನ ಇಂಜಿನಿಯರ್ ಬಿಳಿ ದೊರೆಯ ಬಂಗಲೆಯಲ್ಲಿ ಅಮ್ಮಾಜಮ್ಮ ಆಯಾ ಆಗಿದ್ದಳು. ದೊರೆಯ ಮಗಳು ಎಲ್ಸಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಮದುವೆಯಾಗಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಸಂಸಾರ ಹೂಡಿದ್ದ ಎಲ್ಸಿ, ಒಂದು ವಾರ ತನ್ನ ಜೊತೆ ಇದ್ದು ಹೋಗಲೆಂದು 1963ರಲ್ಲಿ ಆಯಾಗೆ ವಿಮಾನದ ಟಿಕೆಟ್ ಕಳಿಸಿದಳು.

ಬಂಗಾರಪೇಟೆಯ ಮನೆಯಲ್ಲಿ ನಾದಿನಿ ಮುನಿರತ್ನಮ್ಮ ಪೆಟ್ಟಿಗೆಗೆ ಖಾರದ ಪುಡಿಯ ಜೊತೆ ಎರಡು ಹಳೇ ಸೀರೆ ತುರುಕಿದಳು.

"ಕಸಮುಸುರೆ ಮಾಡಕ್ಕೆ ಇರ್ಲಿ ಅತ್ಗೆ. ಎಲ್ಸಿ ಅತ್ತೇನೂ ಆ ಮನೇಲೇ ಅವ್ಳಂತೆ. ನೀನು ಸುಮ್ನೆ ಕುಂತ್ರೆ ಆಯಮ್ಮ ಏನಂದ್ಕೋತಾಳೆ?"

ಅಮ್ಮಾಜಮ್ಮನಿಗೂ ಒಂದು ಗಳಿಗೆ ಅಳುಕಾಯಿತು. ಅಲ್ಲಿ ಪೊರಕೆ ಹಿಡಿದರೆ ತಾನು ಮತ್ತೆ ಆಯಾ. ಹಿಡಿಯದಿದ್ದರೆ ಯಾರು? ಯೋಚಿಸಿ, ಹಳೇ ಸೀರೆಗಳನ್ನು ಹೊರಗೆ ಎಳೆದಳು.

"ಅವ್ಳನ್ನ ಸಾಕಿದೋಳು ನಾನು. ಅಂದ್ಮೇಲೆ ಅವ್ಳತ್ತೆಗೆ ನಾನು ಬೀಗಿತ್ತಿ ಕಣೇ. ಬೀಗಿತ್ತಿ ಕೈಲಿ ಯಾರಾದ್ರೂ ಕಸ ಗುಡಿಸಿಸ್ತಾರಾ?"

"ಓಹೋ! ವಾರವೆಲ್ಲ ಮತ್ತೇನ್ ಮಾಡ್ತೀಯಾ, ಬೀಗಿತ್ತಮ್ಮಾ?"

"ಎಲ್ಸಿ ಕಾಫಿ ಕೊಡ್ತಾಳೆ, ಕುಡೀತೀನಿ. ಬಿಸ್ಲು ಬಂದ್ರೆ ಇಬ್ರೂ ಊರು ನೋಡ್ಕಂಡು ಬತ್ತೀವಿ. ಕಾಲು ನೋವು ಬಂದ್ರೆ ಎಲ್ಲಾದ್ರೂ ಕುಂತ್ಕೋತೀವಿ."

ಹಾಗೆಂದು ತನ್ನ ಒಂದೇ ರೇಷ್ಮೆ ಸೀರೆಯನ್ನೂ, ಇನ್ನೂ ಮುಖ ನೋಡಿರದ ಬೀಗಿತ್ತಿಗೆಂದು ಒಂದು ರವಿಕೆ ಕಣವನ್ನೂ ಇಟ್ಟು ಪೆಟ್ಟಿಗೆ ಮುಚ್ಚಿದಳು.