ಚಾಳೀಸಿಗೆ ಹಾಕಿದ ಖುರ್ಚಿ

ನನಗೆ ಕನ್ನಡಕ ಬಂದದ್ದು ಮೂರನೇ ಇಯತ್ತೆಯಲ್ಲಿ. ಬೋರ್ಡಿನ ಮೇಲಿನ ಅಕ್ಷರ ಕಾಣದೆ ಪಕ್ಕದವಳ ಪಾಟಿ ನೋಡಿ ಬರೆಯುತ್ತಿದ್ದೆ, ಅವಳ ತಪ್ಪುಗಳನ್ನೂ ಸೇರಿಸಿ. ಗದಗಿನ ನಮ್ಮ ಮನೆಯಲ್ಲಿ ಕನ್ನಡಕವನ್ನು ಯಾರೂ ಬುದ್ಧಿಯ ಗುರುತು ಎಂದುಕೊಳ್ಳಲಿಲ್ಲ. ಅವ್ವ ತಲೆಯ ಮೇಲೆ ಕೈಹೊತ್ತು ಕೂತಳು. "ಹೆಣ್ಣುಮಗಳ ಮಾರಿಗೆ ಚಾಳೀಸ ಬಂತು. ಇಕಿನ್ನ ಯಾರು ಮಾಡ್ಕೋತಾರ?" ಎಂದಳು. ಎಸ್ಸೆಸ್ಸೆಲ್ಸಿ ಗಣಿತವನ್ನು ಮೂರನೇ ಸಲಕ್ಕೆ ಪಾಸು ಮಾಡಿದಾಗ ಅಪ್ಪ ಪೇಢೆ ತಂದ, ಆದರೆ ಮನೆಯ ಹೊರಗೆ ಹಂಚಲಿಲ್ಲ.

ಇಂಥ ನಾನು ನಾಗಪುರಕ್ಕೆ ಬಂದು ಪಂಡಿತಳಾದೆ.

ನನ್ನನ್ನು ಮದುವೆಯಾದವರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ಅಲ್ಲಿಯ ನೌಕರರೇ ಸೇರಿ ಕಟ್ಟಿಕೊಂಡ ಮೂರು ಅಂತಸ್ತಿನ ಕಟ್ಟಡದಲ್ಲಿ ನಮ್ಮದೂ ಒಂದು ಮನೆ. ಉಳಿದವರೆಲ್ಲ ಮರಾಠಿಯವರು. ನನಗೆ ಮರಾಠಿ ಬರುತ್ತಿರಲಿಲ್ಲ, ಹಿಂದಿ ಶಾಲೆಯ ಪುಸ್ತಕದಷ್ಟು. ನಳದ ಹತ್ತಿರ ಹೆಂಗಸರು ಏನಾದರೂ ಕೇಳಿದರೆ ತುಟಿ ಬಿಚ್ಚದೆ ನಗುತ್ತಿದ್ದೆ. ದೂರದಿಂದ ಬರುವವರು ಯಾರೆಂದು ಗೊತ್ತಾಗಲು ಕತ್ತು ಹಿಂದಕ್ಕೆ ಹಾಕಿ ಸೋಡಾಗ್ಲಾಸಿನ ಕೆಳಗಿನಿಂದ ನೋಡುವ ಅಭ್ಯಾಸ ಬೇರೆ. ಮಾತಿಲ್ಲದ, ಕತ್ತೆತ್ತಿ ನೋಡುವ, ದಪ್ಪ ಕನ್ನಡಕದ ಹೆಂಗಸು. ಅವರಾದರೂ ಏನು ತಿಳಿದಾರು?

ಅವರೆಲ್ಲ ಒಬ್ಬರಿಗೊಬ್ಬರು ವಹಿನಿ. ನಮ್ಮ ಕಡೆಯ ವೈನಿಯೇ ಅದು, ಅಣ್ಣನ ಹೆಂಡತಿ. ನಾನೊಬ್ಬಳೇ ಮ್ಯಾಡಮ್. ಊರಿಂದ ತಂದ ಹಳೆಯ ಕನ್ನಡ ವಾರಪತ್ರಿಕೆಗಳನ್ನು ಮಧ್ಯಾಹ್ನ ಕಿಟಕಿಯಲ್ಲಿ ಕೂತು ಓದುತ್ತಿದ್ದೆ. ಓದಿದ್ದನ್ನೇ ಓದುತ್ತಿದ್ದೆ, ಬೇರೆ ಇರಲಿಲ್ಲ. ಕೆಳಗೆ ಆಡುವ ಮಕ್ಕಳ ಗದ್ದಲವೊಂದೇ ನನಗೆ ಜೊತೆ. ಒಂದು ದಿನ ಎದುರುಮನೆಯವಳು ಬಾಗಿಲಿಗೆ ಬಂದು ಅವರನ್ನು ಗದರಿದಳು: "ಓರಡೂ ನಕಾ, ಮ್ಯಾಡಮ್ ಅಭ್ಯಾಸ ಕರತಾಹೇತ." ಕೂಗಬೇಡಿ, ಮ್ಯಾಡಮ್ ಓದುತ್ತಿದ್ದಾರೆ. ಮಕ್ಕಳು ಹಿಂದಿನ ಅಂಗಳಕ್ಕೆ ಹೋದವು. ನಾನು ಹೂರಣದ ಹೋಳಿಗೆ ಮಾಡುವ ವಿಧಾನವನ್ನು ಇನ್ನೊಮ್ಮೆ ಓದಿದೆ.

ಎದುರುಮನೆಯವಳು ನನ್ನದೇ ವಯಸ್ಸಿನವಳು. ಕಟ್ಟಡವೆಲ್ಲ ಕೇಳುವಂತೆ ನಗುತ್ತಿದ್ದಳು. ನನಗೆ ಗೆಳತಿ ಅಂತ ಒಬ್ಬಳು ಬೇಕಾಗಿದ್ದರೆ ಅವಳೇ ಬೇಕಾಗಿತ್ತು.

ಮೊದಲ ಸಂಕ್ರಾಂತಿಗೆ ಹಳದಿಕುಂಕುಮಕ್ಕೆ ಕರೆದಳು. ನಾನು ಇಳಕಲ್ ಸೀರೆ ಉಟ್ಟು, ಎರಡು ಸಲ ಕನ್ನಡಿ ನೋಡಿಕೊಂಡು ಹೋದೆ. ನಡುಮನೆಯಲ್ಲಿ ಜಮಖಾನೆ ಹಾಸಿತ್ತು. ಹೆಂಗಸರೆಲ್ಲ ಒತ್ತೊತ್ತಾಗಿ ಕೂತು, ಒಬ್ಬರ ತೊಡೆಯ ಮೇಲೆ ಒಬ್ಬರು ಕೈಯಿಟ್ಟು ಹರಟುತ್ತಿದ್ದರು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆನೋ ಇಲ್ಲವೋ, ಒಳಮನೆಯಿಂದ ಖುರ್ಚಿ ಬಂತು. "ತುಮ್ಹಿ ಖುರ್ಚೀವರ ಬಸಾ, ಮ್ಯಾಡಮ್." ನೀವು ಖುರ್ಚಿಯ ಮೇಲೆ ಕೂತುಕೊಳ್ಳಿ. ಆಗ ನನಗೆ ಬರುತ್ತಿದ್ದ ಮರಾಠಿ ಹೋ ಮತ್ತು ನಕೋ, ಹೌದು ಮತ್ತು ಬೇಡ, ಎರಡೇ. ಕೆಳಗೇ ಕೂರುತ್ತೇನೆ ಎನ್ನುವುದು ಬರುತ್ತಿರಲಿಲ್ಲ. ಬರಿಯ ನಕೋ ಅಂದರೆ ಸೊಕ್ಕು ಅಂದುಕೊಂಡಾರು ಎಂದು ಹೋ ಅಂದೆ. ಮೇಲಿನಿಂದ ಎಲ್ಲರ ಬೈತಲೆ ಕಾಣುತ್ತಿತ್ತು. ಕೆಳಗೆ ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು, ಸಾಲಿಗೆ ಸಾಲೇ ನಕ್ಕಿತು. ನಾನು ಕತ್ತು ಬಗ್ಗಿಸಿ ಏನು ಎಂಬಂತೆ ನೋಡಿದೆ. "ಕಾಹೀ ನಾಹೀ, ಮ್ಯಾಡಮ್," ಎಂದು ಸೆರಗು ಸರಿಮಾಡಿಕೊಂಡರು. ಏನೂ ಇಲ್ಲವಂತೆ.

ಅಂದಿನಿಂದ ಎಲ್ಲಿ ಹೋದರೂ ನನಗೆ ಖುರ್ಚಿ ತಪ್ಪಲಿಲ್ಲ. ಮುಂದೆ ಎಷ್ಟೋ ವರ್ಷಕ್ಕೆ ಎದುರುಮನೆಯವಳು ಮಗನಿಗೆ ಸೈನ್ಸ್ ಕೊಡಿಸಲೋ ಕಾಮರ್ಸೋ ಎಂದು ನನ್ನನ್ನು ಕೇಳಲು ಬಂದಳು. ಸೈನ್ಸ್ ಅಂದೆ, ಕಾಮರ್ಸ್ ಅಂದರೆ ಏಕೆ ಎಂದು ಕೇಳಿಯಾಳು ಎಂಬ ಹೆದರಿಕೆ. ಹುಡುಗ ಈಗ ಅಮರಾವತಿ ಕಡೆ ದನದ ಡಾಕ್ಟರು. ಎಲ್ಲ ಮ್ಯಾಡಮ್ ಬುದ್ಧಿಯಿಂದ ಎಂದು ಇವತ್ತಿಗೂ ಹೇಳುತ್ತಾಳೆ.

ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುತ್ತಿದ್ದದ್ದು ಬೇಸಿಗೆಯಲ್ಲಿ. ಇಲ್ಲಿಯ ಬಿಸಿಲು ಕೆಟ್ಟದ್ದು, ಆದರೆ ಹಪ್ಪಳಕ್ಕೆ ಒಳ್ಳೆಯದು. ಗಾಂಧಿಬಾಗಿನ ಪೇಟೆಯಿಂದ ಉದ್ದಿನ ಹಿಟ್ಟು ತಂದು, ಬೆಳಗಿನ ತಂಪಿನಲ್ಲಿ ಹೆಂಗಸರೆಲ್ಲ ಮಾಳಿಗೆ ಹತ್ತುತ್ತಿದ್ದರು. ಇವತ್ತು ಒಬ್ಬರ ಮನೆಯದು, ನಾಳೆ ಇನ್ನೊಬ್ಬರದು. ಲಟ್ಟಿಸುವ ಲತ್ತುಗುಣಿಯ ಸದ್ದು, ಬಳೆಯ ಸದ್ದು, ಎದುರುಮನೆಯವಳ ನಗು, ಎಲ್ಲ ನಮ್ಮ ಅಡುಗೆಮನೆಗೆ ಇಳಿದು ಬರುತ್ತಿತ್ತು. ಹಪ್ಪಳ ಲಟ್ಟಿಸುವುದರಲ್ಲಿ ನಮ್ಮ ಓಣಿಗೇ ನಾನು ಮೊದಲಿನವಳು. ಎಲ್ಲ ಬಿಟ್ಟು ನನಗೆ ಬರುತ್ತಿದ್ದ ವಿದ್ಯೆ ಅದೊಂದೇ.

"ನೀನ ಹತ್ತಿ ಹೋಗು. ಅವರೇನ ತಿಂತಾರೇನು?" ಎನ್ನುತ್ತಿದ್ದರು ಇವರು.

"ಹೋದ್ರ ಖುರ್ಚಿ ತರ್ತಾರ್ರಿ."

"ಶ್ಯಾಣ್ಯಾಕಿಗೆ ಮರ್ಯಾದಿ ಕೊಡ್ತಾರ. ಕೂಡು."

ಒಣಗಿದ ಮೇಲೆ ತಾಟಿನಲ್ಲಿ ಹಪ್ಪಳ ಇಟ್ಟು, ಮೇಲೆ ಪೇಪರು ಮುಚ್ಚಿ ನಮ್ಮ ಮನೆಗೆ ಕಳಿಸುತ್ತಿದ್ದರು. ಪ್ರತಿ ವರ್ಷ ಹಪ್ಪಳ ಬಂತು, ಕರೆ ಬರಲಿಲ್ಲ. ಎಣ್ಣೆಗೆ ಬಿಟ್ಟಾಗ ಅದರ ಅಂಚು ದಪ್ಪವಾಗಿರುವುದು ಗೊತ್ತಾಗುತ್ತಿತ್ತು. ನಾನಾದರೆ ಇನ್ನೊಂದು ಸುತ್ತು ಲಟ್ಟಿಸುತ್ತಿದ್ದೆ.

ಇವರು ತೀರಿಕೊಂಡ ದಿನ ಕಟ್ಟಡವೆಲ್ಲ ನಮ್ಮ ಮನೆಯಲ್ಲಿತ್ತು. ಹೆಂಗಸರು ನೆಲದ ಮೇಲೆ ಕೂತಿದ್ದರು. ಎದುರುಮನೆಯವಳು ಅಳುತ್ತಲೇ ಒಳಗೆ ಹೋಗಿ, ನಮ್ಮದೇ ಖುರ್ಚಿ ತಂದು, ನನ್ನ ರಟ್ಟೆ ಹಿಡಿದು ಕೂರಿಸಿದಳು. ಅವತ್ತು ನನಗೆ ಯಾರದಾದರೂ ಹೆಗಲು ಬೇಕಾಗಿತ್ತು. ಖುರ್ಚಿಯ ಮೇಲೆ ಕೂತವಳಿಗೆ ಹೆಗಲು ಎಟಕುವುದಿಲ್ಲ.

ಕಳೆದ ಚಳಿಗಾಲದಲ್ಲಿ ಕಣ್ಣಿಗೆ ಪೊರೆ ಬಂದು ರಾಮದಾಸಪೇಠೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಒಳಗೇ ಲೆನ್ಸ್ ಕೂರಿಸಿದ್ದೇವೆ, ಇನ್ನು ಓದುವುದಕ್ಕಷ್ಟೇ ಕನ್ನಡಕ ಸಾಕು ಎಂದರು ಡಾಕ್ಟರು. ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ಮೂಗಿನ ಎರಡೂ ಬದಿ ಕನ್ನಡಕ ಒತ್ತಿದ ಕಪ್ಪು ತಗ್ಗು, ಅದರ ಮೇಲೆ ಪಿಳಿಪಿಳಿ ಎನ್ನುವ ಕಣ್ಣು. ಕಂಡ ಹೆಂಗಸು ಅಷ್ಟೇನೂ ಶ್ಯಾಣ್ಯಾಕಿ ಅನ್ನಿಸಲಿಲ್ಲ. ನನಗೆ ಸಮಾಧಾನವಾಯಿತು.

ಈ ಬೇಸಿಗೆಯ ಒಂದು ಬೆಳಿಗ್ಗೆ ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋದೆ. ಬಾಗಿಲು ದಾಟಿದರೆ ಹಪ್ಪಳದ ಸಂಭ್ರಮ. ಚಾಪೆಯ ಮೇಲೆ ಕಟ್ಟಡದ ನಾಲ್ಕಾರು ಸೊಸೆಯಂದಿರು. ಅವರಲ್ಲಿ ಒಬ್ಬಳು ಮೇಲಿನ ಮನೆಗೆ ಹೊಸದಾಗಿ ಮದುವೆಯಾಗಿ ಬಂದವಳು, ನನ್ನನ್ನು ಕನ್ನಡಕದಲ್ಲಿ ನೋಡಿರಲೇ ಇಲ್ಲ. "ಕಾಕೂ, ಯಾ ನಾ. ಬಸಾ ಇಥೇ," ಎಂದು ಪಕ್ಕದ ಚಾಪೆಯನ್ನು ತಟ್ಟಿದಳು. ಚಿಕ್ಕಮ್ಮ, ಬನ್ನಿ, ಇಲ್ಲಿ ಕೂತುಕೊಳ್ಳಿ. ಎಷ್ಟು ಸುಲಭವಾಗಿ ಅಂದಳು.

"ಅಗ, ಮ್ಯಾಡಮ್ ಆಹೇತ ತ್ಯಾ. ಖುರ್ಚೀ ಆಣ," ಎಂಬ ದನಿ ನೀರಿನ ಟಾಕಿಯ ನೆರಳಿನಿಂದ ಬಂತು. ಎದುರುಮನೆಯವಳೇ. ಹುಡುಗಿ ಗಾಬರಿಯಾಗಿ ಖುರ್ಚಿ ತರಲು ಎದ್ದಳು.

"ನಕೋ. ಮೀ ಖಾಲೀಚ ಬಸತೇ," ಎಂದೆ. ಬೇಡ, ನಾನು ಕೆಳಗೇ ಕೂರುತ್ತೇನೆ. ಆ ಮಾತು ಬರತೊಡಗಿ ಎಷ್ಟೋ ವರ್ಷವಾಗಿತ್ತು, ಆಡಿದ್ದು ಅವತ್ತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ನನ್ನ ಮೊಣಕಾಲಿನದೂ ಅದೇ ಕತೆ. ಇಬ್ಬರು ಹುಡುಗಿಯರು ರಟ್ಟೆ ಹಿಡಿದು ಇಳಿಸಿದರು. ಮತ್ತೆ ಏಳುವುದು ಹೇಗೆ ಎಂದು ಯೋಚಿಸಲು ಹೋಗಲಿಲ್ಲ. ಲತ್ತುಗುಣಿ ಕೇಳಿ ತೆಗೆದುಕೊಂಡೆ. ಹಿಟ್ಟಿನಲ್ಲಿಯ ಜೀರಿಗೆ ಒಂದೊಂದೂ ಬರೋಬರ್ ಕಾಣುತ್ತಿತ್ತು. ಅಂಚು ತೆಳ್ಳಗೆ ಬಂತು.

ಹುಡುಗಿಯರ ಹರಟೆ ಮಾತ್ರ ನಿಂತುಹೋಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಹೊಸಬಳು ನನ್ನನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಿದ್ದಿರಿ ಎಂದು ಮೆಲ್ಲಗೆ ಕೇಳಿದಳು. ಯಾವುದರಲ್ಲೂ ಅಲ್ಲ, ಮನೆಯಲ್ಲೇ ಇದ್ದೆ ಎಂದೆ. "ಮ್ಯಾಡಮ್ ಎಂದೂ ಹೇಳಿಕೊಳ್ಳುವವರಲ್ಲ," ಎಂದು ಟಾಕಿಯ ಕಡೆಯಿಂದ ಮರಾಠಿಯಲ್ಲಿ ಅಭಿಮಾನದ ಮಾತು ಬಂತು.

ನಾನು ತಲೆಯೆತ್ತಿ ನೋಡಿದೆ. ನನ್ನ ಓರಗೆಯವರು, ಅಂದು ಜಮಖಾನೆಯ ಮೇಲೆ ಒತ್ತೊತ್ತಾಗಿ ಕೂತಿದ್ದವರಲ್ಲಿ ಉಳಿದ ಮೂವರು, ನೆರಳಿನಲ್ಲಿ ಪ್ಲಾಸ್ಟಿಕ್ ಖುರ್ಚಿಗಳ ಮೇಲೆ ಸಾಲಾಗಿದ್ದರು. ಮೂವರಿಗೂ ಮೊಣಕಾಲು ಹಿಡಿದಿವೆ. ಮೂವರಿಗೂ ಕನ್ನಡಕ ಬಂದಿದೆ, ಆದರೂ ಒಬ್ಬರಿಗೊಬ್ಬರು ಇನ್ನೂ ವಹಿನಿಯೇ. ಕೆಳಗೆ ಕೂತ ನನ್ನ ಕಣ್ಣಿಗೆ ಅವರ ಬಾತ ಪಾದಗಳು, ಸೀರೆಯ ಅಂಚು ಕಂಡವು. ಎದುರುಮನೆಯವಳು ಪಕ್ಕದವಳ ಕಡೆ ಬಾಗಿ ಏನೋ ಹೇಳಿದಳು. ಇಬ್ಬರೂ ನಕ್ಕರು.

"ಏನದು?" ಎಂದು ಅವರ ಮಾತಿನಲ್ಲೇ ಕೇಳಿದೆ.

"ಕಾಹೀ ನಾಹೀ, ಮ್ಯಾಡಮ್," ಎಂದಳು.

ನಾನು ಇನ್ನೊಂದು ಉಂಡೆ ತೆಗೆದುಕೊಂಡೆ.