ಡ್ರಮ್‌ನಂಬೋ

ದೋಹಾದ ಆಫೀಸೊಂದರಲ್ಲಿ ಸೆಕ್ರೆಟರಿಯಾಗಿದ್ದ ಶಿರ್ವದ ಮಟಿಲ್ಡಾಳಿಗೆ ಸ್ಕಾಟ್ಲೆಂಡಿನ ಒಂದು ಪುಟ್ಟ ದ್ವೀಪದ ಗುಡ್ಡ, ಬಂಡೆ, ದಡಗಳ ಹೆಸರೆಲ್ಲ ಬಾಯಿಪಾಠವಾಗಿತ್ತು. ಕಾರಣ ಅವಳ ಬಾಸ್ ಮೆಕ್‌ಫಿ. ಆರು ವರ್ಷದವನಿದ್ದಾಗ ದ್ವೀಪ ಬಿಟ್ಟವನು. ಅರುವತ್ತು ಸಮೀಪಿಸಿದರೂ ದ್ವೀಪ ಅವನನ್ನು ಬಿಟ್ಟಿರಲಿಲ್ಲ. ಡಿಕ್ಟೇಷನ್ ಕೊಡುತ್ತಾ ಗೋಡೆಯ ನಕ್ಷೆಯತ್ತ ತಿರುಗಿದನೆಂದರೆ ಆ ದಿನದ ಕೆಲಸ ಖಲಾಸ್.

"ಅಲ್ಲಿ ಕಲ್ಲುಕಲ್ಲಿಗೂ ಗೇಲಿಕ್ ಭಾಷೆಯ ಹೆಸರಿದೆ, ಮಟಿಲ್ಡಾ. ಇದು ದೇವದೂತರ ತೀರ. ಇದು ನಮ್ಮ ಮನೆಯಿದ್ದ ಡ್ರಮ್‌ನಂಬೋ. ಅಂದರೆ ವೀರರ ದಿಬ್ಬ!"

ದೋಹಾದ ಅಲ್ ಅಜೀಜಿಯಾ ಬಡಾವಣೆಯ ತನ್ನ ವಿಲ್ಲಾದ ಗೇಟಿಗೂ ಅದೇ ಹೆಸರಿನ ಹಿತ್ತಾಳೆ ಫಲಕ ಹಾಕಿಸಿದ್ದ.

೨೦೦೬ರಲ್ಲಿ ಊರಿನಲ್ಲಿ ಮಟಿಲ್ಡಾಳ ಹೊಸ ಮನೆ ಮುಗಿಯುತ್ತಾ ಬಂತು. ಜಾಗದ ಹೆಸರು ಎರ್ಮೆಗುಡ್ಡೆ, ತುಳುವಿನಲ್ಲಿ ಎಮ್ಮೆಗಳ ಗುಡ್ಡ. ವಿಳಾಸ ಹೇಳುವಾಗಲೆಲ್ಲ ಅವಳಿಗೆ ನಾಚಿಕೆ.

"ಮನೆಗೆ ಡ್ರಮ್‌ನಂಬೋ ಅಂತ ಇಡುವಾ," ಎಂದಳು ಗಂಡನಿಗೆ.

ರೊನಾಲ್ಡ್ ಮೀನುಸಾರಿಗೆ ಅನ್ನ ಕಲಸುವುದನ್ನು ನಿಲ್ಲಿಸಿದ. "ಎಂತ ಮಾರಾಯ್ತಿ ಅದು? ಸಂತ ಅಂತೋನಿ ಕೃಪಾ ಅಂತ ಇಟ್ರೆ ಆಗುದಿಲ್ವಾ?"

"ಅದು ಎಲ್ಲರದ್ದೂ ಉಂಟು. ಇದು ವೀರರ ಹೆಸರು."

ಮೈದುನ ಟೋನಿ ಗ್ರಾನೈಟಿನಲ್ಲಿ ಕೆತ್ತಿಸಿ ಗೇಟಿನ ಕಂಬಕ್ಕೆ ಕೂರಿಸಿಯೂ ಬಿಟ್ಟ. ಗೃಹಪ್ರವೇಶಕ್ಕೆ ಬಂದ ಚರ್ಚಿನ ವಿಗಾರರು ವೀರರ ಮೇಲೆಯೇ ಪ್ರವಚನ ಕೊಟ್ಟರು.

ಆ ಚಳಿಗಾಲದಲ್ಲಿ ಮೆಕ್‌ಫಿಯ ಸೋದರತ್ತೆ ದ್ವೀಪದಿಂದ ದೋಹಾಕ್ಕೆ ಬಂದಳು. ಗೇಲಿಕ್ ಅವಳಿಗೆ ತಾಯಿಹಾಲಿನ ಜೊತೆ ಬಂದ ಭಾಷೆ. ಏರ್‌ಪೋರ್ಟಿನಿಂದ ಕರೆತರಲು ಮಟಿಲ್ಡಾಳೂ ಹೋಗಿದ್ದಳು. ವಿಲ್ಲಾದ ಗೇಟಿನ ಫಲಕ ಓದಿದ್ದೇ ಮುದುಕಿ ಕಂಬ ಹಿಡಿದುಕೊಂಡು ನಕ್ಕಳು.

"ಇಷ್ಟು ದೊಡ್ಡ ಮನೆಗೆ ದನಗಳ ದಿಬ್ಬ ಅಂತ ಯಾಕೆ ಹೆಸರಿಟ್ಟೆಯೋ?"

"ದನವೇ? ವೀರರಲ್ಲವೇ ಅತ್ತೆ?"

"ಬೋ ಅಂದರೆ ದನ. ನಿನ್ನಜ್ಜ ಅಲ್ಲಿ ದನ ಮೇಯಿಸುತ್ತಿದ್ದ. ಯುದ್ಧಕ್ಕೆ ಕರೆದಾಗ ಹುಲ್ಲಿನ ಬಣವೆಯೊಳಗೆ ಅಡಗಿದ ಮಹಾವೀರ!"

"ಹಾಗಾದರೆ ದೇವದೂತರ ತೀರ?" ಮೆಕ್‌ಫಿಯ ದನಿ ಇಳಿದಿತ್ತು.

"ನಾವು ಏಡಿ ಹಿಡಿಯುತ್ತಿದ್ದ ಜಾಗ. ಹೆಸರೂ ಏಡಿಯದ್ದೇ."

ಮಟಿಲ್ಡಾಳಿಗೆ ಎಮ್ಮೆಗೆ ಹೇಸಿ ಏಳು ಸಮುದ್ರ ಸುತ್ತಿ ದನದ ಬಾಲ ಹಿಡಿದಂತಾಗಿತ್ತು.

ದೋಹಾದ ಮುಐದರ್ ಬಡಾವಣೆಯ ತಮ್ಮ ಮನೆಯಲ್ಲಿ ಸುದ್ದಿ ಕೇಳಿದ ರೊನಾಲ್ಡ್ ಸೋಫಾದ ಮೇಲೆ ಉರುಳಾಡಿ ನಕ್ಕ. "ವಿಗಾರರಿಗೆ ನೀನೇ ಫೋನ್ ಮಾಡು!"

"ಬಾಯಿ ಮುಚ್ಚು. ಶಿರ್ವದಲ್ಲಿ ಗೇಲಿಕ್ ಬರುವವರು ಯಾರುಂಟು?"

ಮೆಕ್‌ಫಿ ಮಾತ್ರ ಅತ್ತೆ ಇದ್ದಷ್ಟು ದಿನವೂ ಅವಳನ್ನು ನಕ್ಷೆಯ ಮುಂದೆ ಕೂರಿಸಿಕೊಂಡು ಒಂದೊಂದೇ ಹೆಸರಿನ ಅರ್ಥ ಕೇಳಿ ಕಲಿತ. ಫಲಕ ತೆಗೆಸಲಿಲ್ಲ. "ಅಜ್ಜನ ದನಗಳೇ ಇರಲಿ, ಮಟಿಲ್ಡಾ," ಎಂದ.

ಮರುವರ್ಷ ರಜೆಗೆ ಊರಿಗೆ ಹೋದಾಗ ಮಟಿಲ್ಡಾಳ ಗೇಟಿನಲ್ಲಿ ಒಬ್ಬ ಹಿರಿಯರು ನಿಂತಿದ್ದರು. "ಬಾಯಮ್ಮಾ, ಮಗಳ ಮದುವೆ ಉಂಟು. ನಿಮ್ಮ ಬ್ಯಾಂಡ್‌ಸೆಟ್ ಆ ದಿನ ಖಾಲಿ ಉಂಟಾ?" ಊರವರೆಲ್ಲ ಕಲ್ಲಿನ ಮೇಲಿನ ಹೆಸರು ಓದಿ ಅದನ್ನು ಡ್ರಮ್ಮಿನವರ ಮನೆ ಮಾಡಿಬಿಟ್ಟಿದ್ದರು, ಬಸ್ಸಿನ ಕಂಡಕ್ಟರನೂ "ಡ್ರಮ್ಮು ಯಾರು? ಇಳೀರಿ" ಎನ್ನುತ್ತಿದ್ದನಂತೆ. ಮಟಿಲ್ಡಾ ಆ ಹಿರಿಯರನ್ನು ಜಗಲಿಯಲ್ಲಿ ಕೂರಿಸಿ, ಚಹಾ ಕೊಟ್ಟು, ದ್ವೀಪದಿಂದ ಹಿಡಿದು ದನಗಳವರೆಗಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದಳು.

ಅವರು ಚಹಾ ಮುಗಿಸಿ ಲೋಟ ಕೆಳಗಿಟ್ಟರು.

"ಅದೆಲ್ಲ ಸರಿ ಬಾಯಮ್ಮಾ. ಡ್ರಮ್ ಉಂಟಾ, ಇಲ್ವಾ?"