ಬಂದೂಕಿಗೆ ಬ್ಯಾಟರಿ ಕೊಂಡದ್ದು

ತಕ್ಕಡಿ ಕಂಡರೆ ತಟ್ಟೆಯ ಕೆಳಗೆ ಕೈಯಾಡಿಸಿ ನೋಡುವ ಹೆಂಗಸು ನಾನು. ಅಂಗಡಿಯವನು ಒಂದು ಮಾತಿಗೆ ಎರಡು ಸಲ ಆಣೆ ಮಾಡಿದನೆಂದರೆ ಎದ್ದು ಬಂದುಬಿಡುತ್ತೇನೆ. ಹೀಗಾಗಿ ಯಜಮಾನರು ಬಂದೂಕಿಗೆ ಕಟ್ಟಲು ಬ್ಯಾಟರಿ ತರುತ್ತೇನೆ ಎಂದಾಗ ನಾನೂ ಸೀರೆ ಬದಲಿಸಿ ಹೊರಟೆ. ಬ್ಯಾಟರಿ ಎಂದರೆ ನಮ್ಮ ಕಡೆ ಟಾರ್ಚು. ಬಂದೂಕಿನ ಅಂಗಡಿಯಲ್ಲಿ ಅಂಥವು ಸಿದ್ಧವಾಗಿಯೇ ಸಿಗುತ್ತವಂತೆ, ಆದರೆ ಆ ರೇಟು ಕೇಳಿದರೆ ಹಂದಿಗೆ ಬೆಳೆ ಬಿಟ್ಟುಕೊಡುವುದೇ ಲೇಸು ಅನಿಸುತ್ತದೆ.

ಬಂದೂಕು ಮಾವನವರ ಕಾಲದ್ದು. ಜೋಡುನಳಿಗೆಯದು, ಬೆಳೆ ಕಾಯಲೆಂದು ಲೈಸೆನ್ಸ್ ಇದೆ. ಐರಣಿ ಕಡೆ ಹೊಳೆದಂಡೆಗೆ ನಮ್ಮ ಗೋವಿನಜೋಳದ ಹೊಲ. ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಹಿಂಡುಗಟ್ಟಿ ಬರುತ್ತವೆ. ಮೇಲಕ್ಕೆ ಹಿಡಿದು ಒಂದು ಗುಂಡು ಹಾರಿಸಿದರೆ ಓಡುತ್ತವೆ. ಆದರೆ ಕತ್ತಲಲ್ಲಿ ಹೊಲದಲ್ಲಿ ಹಂದಿಗಳಷ್ಟೇ ಇರುವುದಿಲ್ಲ. ಪಂಪಿಗೆ ಬೇಕಾದ ಕರೆಂಟು ರಾತ್ರಿಯೇ ಬರುವುದರಿಂದ ಮಗ ಮೋಟರು ಹಚ್ಚಲು ಹೋಗುತ್ತಾನೆ, ಮಗ್ಗುಲ ಹೊಲದವರೂ ಓಡಾಡುತ್ತಾರೆ. ಅದಕ್ಕೇ ನಮ್ಮಲ್ಲಿ ಒಂದು ರೂಢಿ: ಬದುವಿನ ಮೇಲೆ ಕಾಲಿಟ್ಟವರು ದೂರದಿಂದಲೇ ‘ಕೂ’ ಹಾಕಬೇಕು. ಕೂ ಅಂದದ್ದು ಮನುಷ್ಯ, ಸುಮ್ಮನೆ ಬಂದದ್ದು ಹಂದಿ. ಯಜಮಾನರಂತೂ ಕೂಗು ಕೇಳಿಯೇ ಇಂಥವನು ಎಂದು ಹೆಸರು ಹಿಡಿದು ಹೇಳುತ್ತಿದ್ದರು. ನಾನು ಅದನ್ನು ಅವರ ಜಾಣತನ ಎಂದುಕೊಂಡಿದ್ದೆ.

ಮೊದಲು ಹಾವೇರಿಗೆ ಹೋದೆವು. ಎಲೆಕ್ಟ್ರಿಕ್ ಅಂಗಡಿಯ ಹುಡುಗ ಶಟರ್ ಅರ್ಧ ಎಳೆದು, ಒಳಗೆ ಕತ್ತಲು ಮಾಡಿ, ಹಿಂದಿನ ಗೋಡೆಗೆ ಬೆಳಕು ಬಿಟ್ಟ.

“ಅರ್ಧ ಕಿಲೋಮೀಟರ್ ಹೋಗತೈತ್ರಿ ಕಾಕಾರ.”

“ನಿಮ್ಮ ಅಂಗಡಿ ಹತ್ತು ಮಾರ ಇಲ್ಲ, ಅರ್ಧ ಕಿಲೋಮೀಟರ್ ಎಲ್ಲಿ ನಿಂತು ಅಳದೀಪಾ?” ಎಂದೆ.

ಯಜಮಾನರು ಗೋಡೆಯನ್ನೇ ನೋಡುತ್ತಿದ್ದರು. “ಮಂಕ ಐತಿ. ಹಳೇ ಸೆಲ್ ಹಾಕ್ಯಾನ,” ಎಂದರು. ನನಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ವರ್ಷ ಸಂಸಾರ ಮಾಡಿದ ಮೇಲಾದರೂ ಮನುಷ್ಯ ಸಂಶಯ ಪಡುವುದನ್ನು ಕಲಿತರಲ್ಲ!

ರಾಣೆಬೆನ್ನೂರಿನಲ್ಲಿ ಕ್ಲಾಂಪಿನ ಕೆಲಸ. ಬಂದೂಕು ಹೊತ್ತು ಬಸ್ಸು ಹತ್ತುವಂತಿಲ್ಲ, ಅದಕ್ಕೆ ನಳಿಗೆಗಳಿಗೆ ದಾರ ಸುತ್ತಿ ಅಳತೆ ತಂದಿದ್ದೆ. ಬೈಕಿಗೆ ಮೊಬೈಲು ಸಿಕ್ಕಿಸುವ ಪ್ಲಾಸ್ಟಿಕ್ ಕ್ಲಾಂಪೇ ಸಾಕು ಎಂದ ಒಬ್ಬ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುವ ಒದೆತಕ್ಕೆ ಪ್ಲಾಸ್ಟಿಕ್ ಉಳಿಯುತ್ತದೆಯೇ? ಕೊನೆಗೆ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿ ಬಾಗಿಸಿ ಎರಡು ಅರೆಬಳೆ ಮಾಡಿಸಿದೆವು. ನಳಿಗೆಗೆ ಗೀರು ಬೀಳದಂತೆ ಒಳಗೆ ಸೈಕಲ್ ಟ್ಯೂಬಿನ ರಬ್ಬರು. ತಗಡು ತೆಳ್ಳಗೆ ಹಾಕಿದ್ದಾನೇನೋ ಎಂದು ನಾನು ಅಂಗೈಯಲ್ಲಿ ತೂಗಿಯೇ ತೂಗಿದೆ. ಪಕ್ಕದ ಅಂಗಡಿಯಲ್ಲಿ ಮತ್ತೊಂದು ಬ್ಯಾಟರಿ ನೋಡಿದೆವು. ಎದುರು ನಿಂತಿದ್ದ ಗಿರಾಕಿಯೊಬ್ಬ ಬೆಳಕು ತಾಳದೆ ಕಣ್ಣಿಗೆ ಕೈ ಅಡ್ಡ ಹಿಡಿದ. ಯಜಮಾನರು ಮಾತ್ರ, “ಇದೂ ಮಂಕ,” ಎಂದರು.

ಆಗ ನನ್ನ ಮನಸ್ಸಿನಲ್ಲಿ ಏನೋ ಚುರುಕ್ ಎಂದಿತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರ್ಕೆಟ್ಟಿನ ಹಿಂದಿನ ಅಂಗಡಿ. ಗಿರಾಕಿಗಳೂ ಕೆಮ್ಮುತ್ತಿದ್ದರು, ಅಂಗಡಿಯವನೂ ಕೆಮ್ಮುತ್ತಲೇ ಗೋದಾಮಿನ ಆ ತುದಿಗೆ ಬೆಳಕು ಬಿಟ್ಟ. ಚೀಲಗಳ ಮೇಲೆ ಒಂದು ಬೆಕ್ಕು ಕೂತಿತ್ತು. ಅದರ ಮೀಸೆ ಕೂಡ ಕಾಣುತ್ತಿತ್ತು. “ಏನೂ ಕಾಣವಲ್ದು,” ಎಂದರು ಯಜಮಾನರು.

ಮೂರು ಊರಿನವರು ಮಾತಾಡಿಕೊಂಡು ನಮ್ಮೊಬ್ಬರಿಗೇ ಮೋಸ ಮಾಡುತ್ತಾರೆಯೇ? ನಿಜ ಹೇಳುತ್ತೇನೆ, ಅರೆಗಳಿಗೆ ಅದನ್ನೂ ಯೋಚಿಸಿದೆ. ಆಮೇಲೆ ಒಂದೊಂದೇ ನೆನಪಾಗತೊಡಗಿತು. ಅಕ್ಷರ ಸರಿಯಾಗಿ ಅಚ್ಚಾಗುವುದಿಲ್ಲ ಎಂದು ಪೇಪರು ಬಿಡಿಸಿದ್ದು. ಅಕ್ಕಿ ಆರಿಸುವಾಗ ಮೊದಲಿನಂತೆ ಬಂದು ಪಕ್ಕ ಕೂರದಿದ್ದದ್ದು. ಲೈಸೆನ್ಸ್ ನವೀಕರಣಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕು ಎಂದು ಮಗ ಹೇಳಿದಾಗಲೆಲ್ಲ, “ನೋಡೂಣ ತಡಿ,” ಎಂದು ಹೊರಗೆ ಎದ್ದು ಹೋದದ್ದು. ಕಾಣದ ಕಣ್ಣು, ತುಂಬಿದ ಬಂದೂಕು, ಹೊಲದಲ್ಲಿ ನನ್ನ ಮಗ.

“ಇದನ್ನ ಕೊಡಪಾ,” ಎಂದೆ. ಚೌಕಾಶಿ ಕೂಡ ಮಾಡಲಿಲ್ಲ. ಯಜಮಾನರು ನನ್ನತ್ತ ತಿರುಗಿದರು.

ಮನೆಗೆ ಬಂದವರೇ ಕ್ಲಾಂಪು ಬಿಗಿದರು. ಸ್ಕ್ರೂಗಳನ್ನು ಬೆರಳಿನಿಂದ ತಡಕಿ ತಡಕಿ ಕೂರಿಸಿದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ. ಕಾಡತೂಸುಗಳಿರುವುದು ನನ್ನ ಟ್ರಂಕಿನಲ್ಲಿ, ಬೀಗದ ಕೈ ನನ್ನ ಸೊಂಟದಲ್ಲಿ. ಆದರೂ ಬಂದೂಕು ಮಡಿಚಿ ಎರಡೂ ನಳಿಗೆ ಖಾಲಿ ಇವೆಯೆಂದು ಬೆಳಕಿಗೆ ಹಿಡಿದು ನೋಡಿದೆ. ಹೊತ್ತು ಮುಳುಗಿದ ಮೇಲೆ, “ಹಿತ್ತಲದಾಗ ಹಚ್ಚಿ ನೋಡ್ರಿ, ಬೆಳಕ ಎಲ್ಲೀತನಾ ಹೊಕ್ಕೈತಿ,” ಎಂದು ಹೇಳಿ, ನಾನು ಹಸುವಿಗೆ ಮೇವು ಹಾಕುವ ನೆಪ ಮಾಡಿ ಹೊರಬಿದ್ದೆ. ಮನೆ ಸುತ್ತಿಕೊಂಡು ಹೋಗಿ ಬಣವೆಯ ಹಿಂದಿನಿಂದ ಹಿತ್ತಲಿಗೆ ಬಂದೆ. ಚಪ್ಪಲಿ ಬಿಟ್ಟಿದ್ದೆ. ಕೂ ಹಾಕಲಿಲ್ಲ.

ಒಣ ಸೊಪ್ಪೆ ಕಾಲಿಗೆ ಸಿಕ್ಕು ಸದ್ದಾಯಿತು. ಬೆಳಕು ಗಕ್ಕನೆ ತಿರುಗಿ ನನ್ನ ಮುಖದ ಮೇಲೇ ನಿಂತಿತು. ಆಗ ಗೊತ್ತಾಯಿತು ನನಗೆ ಈ ಬ್ಯಾಟರಿಯ ಗುಣ: ಇದರಿಂದ ಯಾರನ್ನು ನೋಡಬೇಕೆಂದರೂ ಮೊದಲು ಅವರ ಎದೆಗೆ ಬಂದೂಕು ಹಿಡಿಯಬೇಕು. ಖಾಲಿ ಎಂದು ನಾನೇ ನೋಡಿದ್ದೆ. ಆದರೂ ಎದೆಯ ಮೇಲೆ ಸೆರಗು ಎಳೆದುಕೊಂಡೆ.

ನಮ್ಮಿಬ್ಬರ ನಡುವೆ ಒಂದು ಎತ್ತಿನಗಾಡಿ ನಿಲ್ಲುವಷ್ಟು ಜಾಗ. ನನ್ನ ಕುಂಕುಮ, ಮೂಗುತಿ, ಬೆಳಗ್ಗಿನಿಂದ ಅವರ ಜೊತೆಗೇ ತಿರುಗಿದ ಸೀರೆ, ಎಲ್ಲವೂ ಬೆಳಕಿನಲ್ಲಿತ್ತು.

“ಯಾರ ಅದು?” ಎಂದರು.

ನಾನು ಉಸಿರು ಬಿಡಲಿಲ್ಲ.

“ಯಾರಂತ ಕೇಳಾಕತ್ತೇನಿ. ಕೂ ಹಾಕ!” ಅವರ ದನಿ ನಡುಗಿತು. ಅಷ್ಟು ಹೆದರಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ನಾನರೀ,” ಎಂದೆ. ಅಳು ಬಂದುಬಿಟ್ಟಿತು.

ಬೆಳಕು ಮೆಲ್ಲಗೆ ಕೆಳಗಿಳಿದು ನೆಲದ ಮೇಲೆ ಬಿತ್ತು. ಅವರು ಕಟ್ಟೆ ತಡವಿಕೊಂಡು ಕೂತರು. ಹತ್ತಿರ ಹೋಗಿ ನಿಂತೆ. ಇಷ್ಟು ವರ್ಷದಲ್ಲಿ ಒರೆಸಲಿಕ್ಕೂ ಇನ್ನೊಬ್ಬರ ಕೈಗೆ ಕೊಡದ ಬಂದೂಕನ್ನು ಎತ್ತಿ ನನ್ನ ಕೈಗಿಟ್ಟರು.

“ಬ್ಯಾಟ್ರಿ ಚಲೋ ಐತಿ,” ಎಂದರು. “ನಮಗ ಯಾರೂ ಮೋಸ ಮಾಡಿಲ್ಲ.”